ಕೈಯ ಬಾಬ್ತು

ಎಂಜಲಿನಷ್ಟು ಹದವಾದ ದ್ರಾವಣ ಇನ್ನೊಂದಿಲ್ಲ.
ಹತ್ತಿಯ ತುದಿ ನಾಲಿಗೆಗೆ ಮುಟ್ಟಿಸಿ
ಅರಸರ ಕೆನ್ನೆಯ ಮೇಲೆ ಆಡಿಸುತ್ತೇನೆ, ಮೆಲ್ಲಗೆ.
ನೂರು ವರ್ಷದ ದೀಪದ ಮಸಿ, ಚುಟ್ಟಾದ ಕಂದು
ಹತ್ತಿಗೆ ಇಳಿಯುತ್ತದೆ.
ರೆಸಿಡೆನ್ಸಿ ರಸ್ತೆಯ ಹೋಟೆಲಿನವರು ಕಳಿಸಿದ ಪಟ.
ಲಾಬಿಗೆ ಬೇಕಂತೆ, ಶುಕ್ರವಾರದೊಳಗೆ.

ಚೆಲುವರಾಜೇ ಅರಸರು ಕೂತದ್ದು ಒಂದೇ ಮಧ್ಯಾಹ್ನ,
ಅದೂ ಮುಖಕ್ಕೆ ಮಾತ್ರ.
ಕತ್ತಿನಿಂದ ಕೆಳಗೆ ನಮ್ಮ ಮುತ್ತಾತ.
ಬಳೇಪೇಟೆಯ ಜಟಕಾ ಸಾಲಿನಿಂದ
ಶೇಷಾಚಾರ್ರು ಕರೆದು ಕೂರಿಸಿದ ಮುನಿಯೆಲ್ಲಪ್ಪ.
ದಿನಕ್ಕೆ ಆರಾಣೆ, ಕೆಮ್ಮಿದರೆ ಒಂದಾಣೆ ಮುರಿತ,
ಕುದುರೆಯ ಹುಲ್ಲು ಆಚಾರ್ರದು.

ಅಜ್ಜಿ ನಗುನಗುತ್ತಾ ಹೇಳುತ್ತಿದ್ದಳು:
ಆ ಕತ್ತಿ ಮರದ್ದು ಕಣೇ, ನಾಟಕದ ಕಂಪನಿಯದು,
ದೀಪ ಹಚ್ಚೋ ಹೊತ್ತಿಗೆ ವಾಪಸು ಕೊಡಬೇಕು.
ಎದೆಯ ಪದಕಗಳಲ್ಲಿ ಎರಡು ಬಂದಿದ್ದವು,
ಮೂರನೆಯದು ಬರುವ ಅಂದಾಜಿನಲ್ಲಿ ಬರೆದದ್ದು.
ಕಾಲಡಿಯ ಹುಲಿಗೆ ಮಾದರಿ ಅಂಗಡಿಯ ಕೆಂಚು ಬೆಕ್ಕು;
ನೋಡು, ಅದರ ಕಣ್ಣಲ್ಲಿ ಇನ್ನೂ ಹಾಲಿನ ಆಸೆ.
ಮೇಜಿನ ಮೇಲಿನ ದಪ್ಪ ಗ್ರಂಥ
ಆಚಾರ್ರ ಸಾಲದ ಲೆಕ್ಕ.

ಕಿಟಕಿಯಾಚೆ ನೀರು, ತೆಂಗು, ಒಂದು ದೋಣಿ.
ದೋಣಿ ಸುಳ್ಳು. ನೀರು ನಿಜ, ಸಂಪಂಗಿ ಕೆರೆಯದು.
ಈಗ ಅಲ್ಲಿ ಹುಡುಗರು ಓಡುತ್ತಾರೆ, ಸುತ್ತ ಕಾಂಕ್ರೀಟು.
ನನ್ನ ಮಗಳು ಕಂಚು ಗೆದ್ದದ್ದು ಅಲ್ಲೇ,
ನಾನೂರು ಮೀಟರಿನಲ್ಲಿ.

ಪಟವನ್ನು ಬಂಗಲೆಯಲ್ಲಿ ತೂಗುಹಾಕಿದ ದಿನ
ನೋಡಲು ಹೋದನಂತೆ ಮುತ್ತಾತ,
ತಲೆಗೆ ಎಣ್ಣೆ, ಒಗೆದ ಪಂಚೆ.
ಯಾರು ನೀನು, ಎಂದ ಬಾಗಿಲವನು.
ಇವನು ಕೈ ತೋರಿಸಿದ.
ಅವನು ಅದರಲ್ಲಿ ಒಂದು ಕಾಸು ಇಟ್ಟ.

ನಿನ್ನೆ ಮ್ಯಾನೇಜರು ಬಂದು ಬಗ್ಗಿ ನೋಡಿದರು.
ಮುಖ ಫಳಫಳ ಅಂತಿದೆ ಮೇಡಂ,
ಆದರೆ ಈ ಹೆಬ್ಬೆರಳ ಸಂದಿನ ಗೀರು?
ಬಣ್ಣ ತುಂಬಿ ಮುಚ್ಚಿಬಿಡಿ.
ಗೀರಲ್ಲ ಸಾರ್, ಹಾಗೇ ಬರೆದದ್ದು, ಎಂದೆ.
ಅರಸರ ಮೂಗನ್ನೇ ನೇರ ಮಾಡಿದ ಆಚಾರ್ರು
ಲಗಾಮು ಕೊರೆದ ಈ ಗೆರೆಯನ್ನು ಯಾಕೆ ಬಿಟ್ಟರೋ.
ಮರೆತರೋ, ಬೆಳಕು ಹೋಗಿತ್ತೋ,
ಆರಾಣೆಗೆ ಇಷ್ಟು ಸಾಕೆಂದರೋ.

ಕತ್ತಿಯ ಹಿಡಿಯ ಮೇಲಿನ ಆ ಕೈ ಉಳಿದಿತ್ತು.
ಹತ್ತಿಯನ್ನು ನಾಲಿಗೆಯ ತನಕ ಒಯ್ದೆ.
ಎದ್ದು ಹೋಗಿ ಲೋಟದಲ್ಲಿ ನೀರು ತಂದೆ.

ಈಗ ಬಿಲ್ಲು ಬರೆಯುತ್ತಿದ್ದೇನೆ:
ಮುಖ, ಪೇಟ, ಪದಕ ಮೂರು, ಹುಲಿ ಒಂದು.
ಕೈ, ಎಂದು ಬರೆದು ಮುಂದೆ ಎಷ್ಟು ಹಾಕಲೆಂದು
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತಿದ್ದೇನೆ.