ಸೊನ್ನೆಗೆ ಜುಟ್ಟು

ಗವಸು ಹಾಕಿಕೋ ಯಾಸ್ನಾ. ಉಂಗುರ ತೆಗೆದಿಡು.
ನಾಲ್ಕು ಸಲ ನಾನು ಸುಟ್ಟೆ, ಐದನೆಯದು ನಿನ್ನದು.
ಈ ಬಿಳಿಪುಡಿ ಬಂದರಿನಲ್ಲಿ ತಡೆದ ಚೀಲದ್ದು,
ಹಿಟ್ಟಿನ ಹಾಗೆ ಸಾಧು.
ಕಳಿಸಿದವನ ಕಾಗದ ಹೇಳುತ್ತದೆ: ನಿರಪಾಯ.
ಕಾಗದ ಏನು ಬೇಕಾದರೂ ಹೇಳುತ್ತದೆ;
ಅದೇ ಸುಡುವ ಜಾತಿಯದು, ಪಾಪ.

ನಾರುಪುಡಿ ನಿನ್ನೆ ಸಂಜೆಯಿಂದ ಓವನ್ನಿನಲ್ಲಿತ್ತು,
ನೂರೈದು ಡಿಗ್ರಿ, ಹದಿನಾರು ಗಂಟೆ.
ಅದೂ ಕಾಗದವೇ, ಯಾರೂ ಇನ್ನೂ ಬರೆಯದ ಕಾಗದ.
ಕಮಂಚಾಕಾ ಕಿಟಕಿಗೆ ಮೂಗು ಒತ್ತಿ ನಿಂತಿದೆ,
ಮಳೆ ಕಾಣದ ಆಂತೊಫಗಾಸ್ತಾಕ್ಕೆ
ಕಡಲು ಕೊಡುವ ಬರಿಯ ಮಂಜು.
ಬಾಗಿಲು ಹಾಕು. ಅದರ ಒಂದು ಗುಟುಕು ಕುಡಿದರೂ
ನಾರು ಸುಳ್ಳು ಹೇಳುತ್ತದೆ.

ಒಂದಕ್ಕೆ ಒಂದು. ಹದಿನೈದು ಗ್ರಾಂ, ಹದಿನೈದು ಗ್ರಾಂ.
ಅರೆಯಬೇಡ. ಮೆಲ್ಲಗೆ ಹೊರಳಿಸು,
ನಿದ್ದೆ ಹೋದ ಮಗುವಿನ ಮಗ್ಗುಲು ಬದಲಿಸುವ ಹಾಗೆ.
ಆಲಿಕೆಗೆ ತುಂಬು. ತಟ್ಟೆಯ ಮೇಲೆ, ತಂತಿಯ ಮೇಲೆ, ಬೋರಲು.
ಎತ್ತು.
ಗುಬ್ಬಿ ಹತ್ತಿ ಇಳಿಯುವಷ್ಟು ಬೆಟ್ಟ.

ಇನ್ನು ಹೇಳುವುದನ್ನು ಪುಸ್ತಕವೂ ಹೇಳುತ್ತದೆ, ಬೇರೆ ಥರ:
ಈ ಪುಡಿ ತಾನಾಗಿ ಉರಿಯುವುದಿಲ್ಲ.
ಬೆಂಕಿಗೆ ತುಪ್ಪವಲ್ಲ ಇದು, ಊದುಕೊಳವೆ.
ಹಳದಿ ಚೀಟಿ ನೋಡಿದ್ದೀಯಲ್ಲ,
ಒಂದು ಸೊನ್ನೆ, ತಲೆಯ ಮೇಲೆ ಜ್ವಾಲೆ.
ನನ್ನ ತಮ್ಮ ಸೆಗುಂದೊ ಚಿಕ್ಕಂದಿನಲ್ಲಿ
ಅಪ್ಪನ ಲಾರಿಯ ಹಿಂದೆ ಅದನ್ನು ಕಂಡು
'ಸೊನ್ನೆಗೆ ಜುಟ್ಟು!' ಎಂದು ನಕ್ಕು ನಕ್ಕು ಬಿಕ್ಕಳಿಸಿದ್ದ.

ಸ್ವಿಚ್ ಹಾಕು. ಗಡಿಯಾರ ಒತ್ತು.
ತಂತಿ ಕೆಂಪಾಗುವಾಗ ಮಾತಾಡಬಾರದು ಅಂತೇನಿಲ್ಲ,
ನಾನೇ ಆಡುತ್ತೇನೆ.

ಅಪ್ಪ ಸತ್ತ ವರ್ಷ, ಭಾನುವಾರದ ಊಟ.
ಎರ್ನಾನ್ ಇತ್ತ, ಸೆಗುಂದೊ ಅತ್ತ, ನಡುವೆ ಮೀನಿನ ಸಾರು.
ಇಬ್ಬರೂ ಒಣಗಿದ್ದರು, ಎಷ್ಟು ಗಂಟೆಯಿಂದಲೋ.
ನಾನು ಬ್ರೆಡ್ಡು ಹಂಚುತ್ತ ಒಂದೇ ಮಾತು ಅಂದೆ:
ಲಾರಿ ಯಾರಿಗೆ ಅಂತ ಅಪ್ಪ ನನಗೆ ಹೇಳಿದ್ದರು.
ಸುಳ್ಳಲ್ಲ. ಜೋರಾಗಿಯೂ ಅಲ್ಲ.
ಸಾರು ಗೋಡೆಗೆ ಹೋಯಿತು.
ಹನ್ನೊಂದು ವರ್ಷ, ಒಬ್ಬರ ಮುಖ ಒಬ್ಬರು ನೋಡಿಲ್ಲ.
ನನ್ನ ಒಂದು ಕೂದಲೂ ಸೀದಿಲ್ಲ.
ನೆರೆಯವರು ಅಂದರು: ಪಾಪ ನೇಲಿದಾ, ಸಮಾಧಾನದ ಹೆಂಗಸು.
ಚೀಟಿ ಅಂಟಿಸುವ ಕೆಲಸದಲ್ಲಿ ನಾನೇ ಇದ್ದೆನಲ್ಲ.

ಹಾ, ಹತ್ತಿತು. ಕಣ್ಣು ಅಲ್ಲೇ ಇರಲಿ.
ಬುಸುಗುಟ್ಟುತ್ತ ಒಂದೇ ಮಗ್ಗುಲಿನಿಂದ ತಿನ್ನುತ್ತದೆ,
ತುದಿ ಕುಸಿಯಿತು.
ಜ್ವಾಲೆ ಹೋಯಿತೆಂದು ನಿಲ್ಲಿಸಬೇಡ,
ಕೆಂಡವೂ ಲೆಕ್ಕಕ್ಕೆ ಸೇರುತ್ತದೆ. ಇನ್ನೂ. ಇನ್ನೂ.
ಈಗ.

ಸರಾಸರಿ ತೊಂಬತ್ತೇಳು.
ಹೋಲಿಕೆಯ ಬ್ರೋಮೇಟು ನಿನ್ನೆ ಇದೇ ತಟ್ಟೆಯಲ್ಲಿ
ಮೂರಕ್ಕೆ ಏಳು ನಾರು ಬೆರೆತು ನೂರು ಸೆಕೆಂಡು ಉರಿದಿತ್ತು.
ಮೂರು ಸೆಕೆಂಡಿಗೆ ಚೀಲದ ಸಾಧುತನ ಹೋಯಿತು.
ಮಧ್ಯಾಹ್ನ ಏಜೆಂಟು ಫೋನ್ ಮಾಡುತ್ತಾನೆ:
ಸೆನ್ಯೋರಾ, ಬರೀ ಮೂರು!
ನೀನು ತೊಂಬತ್ತೇಳು ಎಂದೇ ಬರಿ. ಶಾಯಿಯಲ್ಲಿ.
ನನ್ನ ಮಾತು ಮೂರು ಸೆಕೆಂಡೂ ಹಿಡಿದಿರಲಿಲ್ಲ.

ಏನಂದೆ? ಚೀಲಕ್ಕೇ ಹತ್ತಿಕೊಂಡರೆ?
ಮರಳು ಸುರಿದು, ಕಂಬಳಿ ಹೊದಿಸಿ ಪ್ರಯೋಜನವಿಲ್ಲ.
ಹೊರಗಿನ ಗಾಳಿ ಬೇಕಿಲ್ಲ ಅದಕ್ಕೆ, ಉಸಿರು ಒಳಗೇ ಇದೆ.
ನಾನು ಮುಚ್ಚಿ ನೋಡಿದ್ದೇನೆ.
ನೀರು ಬೇಕು. ಬಹಳ ನೀರು, ದೂರ ನಿಂತು.
ಈ ಊರಿನಲ್ಲಿ.

ತಟ್ಟೆ ಮುಟ್ಟಬೇಡ, ಆರಲಿ.
ಶುಕ್ರವಾರ ಸೆಗುಂದೊನ ಲಾರಿ ಕಲಾಮಾಕ್ಕೆ ಹೋಗುತ್ತದೆ,
ನಮ್ಮ ಗೇಟಿನ ಮುಂದೆಯೇ.
ಕೆಲವು ಸಲ ಹಿಂದೆ ಆ ಜುಟ್ಟಿನ ಸೊನ್ನೆ ಇರುತ್ತದೆ.