ಕ್ಯಾಮೆರಾದ ಕೆಳಗೆ

ಸೋಮವಾರ ಬೆಳಿಗ್ಗೆ ಸಾಂತಿಯಾಗೋದಿಂದ
ಮೂಡುತ್ತಾರೆ ಸೆನ್ಯೋರಾ ಇತುರಿಯಾಗಾ.
ಹಿಂದೆ ಬಿಳಿ ಗೋಡೆ, ಕುಂಡದಲ್ಲೊಂದು ಕಳ್ಳಿ,
ಬಲಗಿವಿಗೆ ಓಲೆ, ಎಡಗಿವಿಗೆ ಇಯರ್‌ಫೋನು.

ಇಲ್ಲಿ ಪುಂತಾ ಅರೇನಾಸಿನಲ್ಲಿ
ಹಡಗಿನ ಟಿಕೆಟ್ ಕೊಡುವ ಕಚೇರಿಯ ಹಿಂಗೋಣೆ.
ಒಂದೇ ಹೀಟರಿನ ಸುತ್ತ ಮೂವರು,
ಮೂರು ಬೇರೆ ಬೇರೆ ಚೌಕಗಳಲ್ಲಿ.
ನಾನು ಕೆಮ್ಮಿದರೆ ನೆಲಿದಾಳ ಮೈಕು ಹಿಡಿಯುತ್ತದೆ,
ಅವಳ ಹೆಸರಿನ ಸುತ್ತ ಹಳದಿ ಗೆರೆ ಹೊತ್ತಿಕೊಳ್ಳುತ್ತದೆ.
‘ಹೇಳಿ ನೆಲಿದಾ’ ಎನ್ನುತ್ತಾರೆ ಸೆನ್ಯೋರಾ.
ಅವಳಿಗೆ ಹೇಳುವುದೇನೂ ಇರುವುದಿಲ್ಲ.
ಒಮ್ಮೆ ಇತ್ತು. ಆಗ ಮೈಕು ಮುಚ್ಚಿತ್ತು.

ಮೇಲಿನವರಿಗೆಂದೇ ಒಂದು ತರಬೇತಿ ಇದೆಯಂತೆ:
ಪರದೆ ನೋಡಬೇಡಿ, ಕ್ಯಾಮೆರಾ ನೋಡಿ,
ಎದುರಿನವರಿಗೆ ತಮ್ಮನ್ನೇ ನೋಡಿದಂತಾಗುತ್ತದೆ.
ಚೆನ್ನಾಗಿಯೇ ಕಲಿತಿದ್ದರು.
ಎರಡು ವರ್ಷ ನಮ್ಮ ಕಣ್ಣಲ್ಲಿ ಕಣ್ಣಿಟ್ಟು
ಸಾಸಿವೆಯಷ್ಟು ಹಸಿರು ದೀಪವೊಂದನ್ನು ನೋಡಿದರು.

ಅದಕ್ಕೇ ಇರಬೇಕು, ರೋಸಮೆಲ್ ಮೂರು ವಾರ
ಒಂದೇ ಸ್ವೆಟರಿನಲ್ಲಿ ಬಂದದ್ದು ಕಾಣಲಿಲ್ಲ,
ಬೆರಳಿನ ಉಂಗುರ ಹೋಗಿ
ಅದರ ಬಿಳಿ ಗುರುತಷ್ಟೇ ಉಳಿದದ್ದು ಕಾಣಲಿಲ್ಲ.
ನನಗೂ ಕಾಣಲಿಲ್ಲ ಅನ್ನಿ. ಪಕ್ಕದಲ್ಲೇ ಕೂತಿದ್ದೆ.
ಮೀಟಿಂಗಿನಲ್ಲಿ ನಾನು ನೋಡುವುದು
ನನ್ನದೇ ಚೌಕ, ನನ್ನದೇ ಇಳಿಗಲ್ಲ.

ಜೂನಿನ ಆ ಸೋಮವಾರ
ಅವರ ಎಂಟು, ನಮ್ಮ ಒಂಬತ್ತು.
ಬೆಳಕಿನ್ನೂ ಬಿದ್ದಿರಲಿಲ್ಲ,
ಗಾಳಿ ಬಾಗಿಲನ್ನು ಹೊರಗಿನಿಂದ ಒತ್ತಿ ಹಿಡಿದಿತ್ತು.
ಈ ಮಾರ್ಗ ನಿಲ್ಲುತ್ತದೆ, ಅಂದರು.
ಕಚೇರಿಯೂ.
ಹೇಳಿ ಮುಗಿಸುವ ತನಕ ಅವರ ಕಣ್ಣು ಕೆಳಗಿತ್ತು,
ಒಮ್ಮೆಯೂ ಆ ಸಾಸಿವೆಯತ್ತ ಏಳಲಿಲ್ಲ.
‘ಪ್ರಶ್ನೆಗಳಿದ್ದರೆ...’
ಚೌಕಗಳು ಸುಮ್ಮನಿದ್ದವು.
ಪರದೆ ಕಪ್ಪಾದ ಮೇಲೆ ಹೀಟರು ಟಿಕ್ ಅಂದಿತು.

ಓದುತ್ತಿದ್ದರು, ಅಂದ ರೋಸಮೆಲ್,
ಯಾರೋ ವಕೀಲ ಬರೆದುಕೊಟ್ಟದ್ದನ್ನು.

ಅಲ್ಲ, ಅಂದಳು ನೆಲಿದಾ,
ಮಾತೆ ಬುರುಡೆಗೆ ಬಿಸಿನೀರು ಹೊಯ್ಯುತ್ತ,
ಇವತ್ತೇ ಅವರು ನಮ್ಮನ್ನು ನೋಡಿದ್ದು.
ನಮ್ಮ ಮುಖಗಳಿರುವುದು ಅಲ್ಲೇ ತಾನೆ, ಕ್ಯಾಮೆರಾದ ಕೆಳಗೆ.

ಹಾಳೆಯೂ ಅಲ್ಲೇ ಇರುತ್ತದೆ, ಅಂದ ಅವನು.

ಅಷ್ಟರಲ್ಲಿ ಕೌಂಟರಿನ ಗಾಜು ತಟ್ಟಿದ ಸದ್ದು.
ಎದ್ದು ಹೋದೆ.
ಪೋರ್ವೆನಿರಿಗೆ ಎರಡು, ಅಂದಿತೊಂದು ದನಿ,
ಒಂದು ದೊಡ್ಡದು, ಒಂದು ಮಗುವಿನದು.
ಎಣಿಸಿದೆ, ಮುದ್ರೆಯೊತ್ತಿದೆ, ಚಿಲ್ಲರೆ ತಳ್ಳಿದೆ.
ತಲೆಯೆತ್ತುವ ಹೊತ್ತಿಗೆ
ಗಾಜಿನ ಮೇಲೆ, ಬಹಳ ಕೆಳಗೆ,
ಮಗುವಿನ ಉಸಿರಿನ ಮಬ್ಬು
ಇನ್ನೂ ಆರುತ್ತಿತ್ತು.