ಮನೆ ನಂಬರ್ ಕೆಎ ಮೂವತ್ತಾರು

ಬಣ್ಣ ನೋಡಬ್ಯಾಡ, ಅಂದ ಲಾಲಸಾಬ,
ಬಣ್ಣ ಅಂದ್ರ ಮಾರಾವನ ಮಾತು.
ಕೆಳಗ ಮಲಗು.

ಸಿಂಧನೂರು, ಗಂಗಾವತಿ ರಸ್ತೆ, ಗುಜರಿ ಅಂಗಡಿಯ ಹಿಂದೆ
ಮಟಮಟ ಮಧ್ಯಾಹ್ನ, ಸೆರಗು ಸೊಂಟಕ್ಕೆ ಸಿಕ್ಕಿಸಿ
ಮಲಗಿದೆ ಟ್ರೇಲರಿನ ಹೊಟ್ಟೆಯ ಕೆಳಗೆ.
ನಲವತ್ತು ದಾಟಿದವಳು, ಮನೆಯೊಂದನ್ನು
ಕೆಳಗಿನಿಂದ ನೋಡಿದ್ದು ಅದೇ ಮೊದಲು.

ಪಾನಾ ತಗೊಂಡು ಚಾಸಿಗೆ ಬಡಿ, ಅಂದ.
ಟಣ್ ಅಂದ್ರ ಗಟ್ಟಿ. ದಬ್ ಅಂದ್ರ ಒಳಗ ತುಕ್ಕು.
ಗಡಿಗೆ ಕೊಳ್ಳುವಾಗ ಅವ್ವ ಬೆರಳಗೆಣ್ಣಿಂದ ಬಡಿಯುತ್ತಿದ್ದಳು.
ಐದು ಕಡೆ ಟಣ್. ಕೊಂಡಿಯ ಹತ್ತಿರ ಒಂದು ದಬ್.
ಆ ಒಂದು ದಬ್ಬಿಗೆ ನಾಲ್ಕು ಸಾವಿರ ಇಳಿಸಿದೆ.

ನಮ್ಮದು ಭತ್ತ ಕೊಯ್ಯುವ ಮಷೀನಿನ ಗುಂಪು.
ಓಡಿಸುವವನು ನನ್ನ ಗಂಡ ಹುಸೇನಪ್ಪ, ಕೈಯಾಳು ಮೂವರು,
ರೊಟ್ಟಿ ಬಡಿಯುವವಳು ನಾನು.
ಜವಳಗೇರಿ, ಪೋತ್ನಾಳ, ಕಾರಟಗಿ, ಹೊಳೆ ದಾಟಿ ಸಿರುಗುಪ್ಪ,
ತೆನೆ ಎಲ್ಲಿ ಬಾಗಿತೋ ಅಲ್ಲಿ.
ಹನ್ನೊಂದು ಸುಗ್ಗಿ ಮಷೀನಿನ ನೆರಳಲ್ಲೇ ಮಲಗಿದ್ದೇವೆ.
ಗಂಡಸರಿಗೆ ಬಯಲು ಸಾಕು.
ನನಗೊಂದು ಬಾಗಿಲು ಬೇಕಿತ್ತು,
ಸೀರೆ ಬದಲಿಸಲು, ಸುಮ್ಮನೆ ಕೂರಲು;
ಒಳಗಿನಿಂದ ಹಾಕುವ ಒಂದು ಚಿಲಕ.

ಮೊದಲ ಸುಗ್ಗಿಗೆ ಕಲಿತದ್ದು ಭಾರ.
ಅಕ್ಕಿ ಚೀಲ, ಗ್ಯಾಸಿನ ಟಾಕಿ, ನೀರಿನ ಡ್ರಮ್ಮು ಮುಂದಕ್ಕಿರಲಿ,
ಹಿಂದೆ ಹೇರಿದರೆ ಟ್ರೇಲರು ಬಾಲ ಅಲ್ಲಾಡಿಸುತ್ತದೆ.
ಮಸ್ಕಿಯ ಇಳಿಜಾರಿನಲ್ಲಿ ಅಲ್ಲಾಡಿಸಿತು,
ಟ್ರ್ಯಾಕ್ಟರನ್ನೇ ಹಿಡಿದು ಜಗ್ಗಾಡಿತು.
ಶೇಂಗಾ ಚಟ್ನಿಯ ಭರಣಿ ಒಡೆದು
ಇವತ್ತಿಗೂ ಒಂದು ಮೂಲೆ ಬೆಳ್ಳುಳ್ಳಿ ನಾರುತ್ತದೆ.

ಆಮೇಲೆ ಗಾಲಿ.
ಹತ್ತು ಮೈಲಿಗೊಮ್ಮೆ ಇಳಿದು ಹಬ್ಬಿನ ಮೇಲೆ ಹಿಂಗೈ ಇಡಬೇಕು,
ಕೂಸಿನ ಹಣೆ ಮುಟ್ಟಿ ನೋಡಿದ ಹಾಗೆ.
ಬೆಚ್ಚಗಿದ್ದರೆ ನಡೆ. ಸುಟ್ಟರೆ ನಿಲ್ಲು.
ಕಾರಟಗಿಯ ಕಾಲುವೆ ದಂಡೆಯಲ್ಲಿ ಎಡಗಾಲಿ ಸುಟ್ಟಿತು.
ಬಿಚ್ಚಿದರೆ ಬೇರಿಂಗಿನ ಗುಂಡುಗಳು ನೀಲಿಗಟ್ಟಿವೆ,
ಗ್ರೀಸು ಒಣಗಿ ಹಳೇ ಹುಣಸೆತೊಕ್ಕು.
ಹೊಸ ಬೇರಿಂಗಿಗೆ ಗ್ರೀಸು ತುಂಬಿದವಳು ನಾನೇ:
ಹಿಟ್ಟು ನಾದಿದ ಕೈ, ಗುಂಡುಗುಂಡಿನ ಸಂದಿಗೂ ನುಗ್ಗಿಸಬಲ್ಲದು.
ಹುಸೇನಪ್ಪ ಬ್ಯಾಟರಿ ಹಿಡಿದು ನಿಂತಿದ್ದ, ಏನೂ ಅನ್ನಲಿಲ್ಲ.
ಮರುದಿನ ರೊಟ್ಟಿಯಲ್ಲಿ ಗ್ರೀಸಿನ ವಾಸನೆ.
ಆಗಲೂ ಏನೂ ಅನ್ನಲಿಲ್ಲ.

ಒಮ್ಮೆ ಪಟ್ಟಿ ಬರೆಯುವ ಹುಡುಗನೊಬ್ಬ ಬಂದ, ಪೋತ್ನಾಳದ ಗದ್ದೆಗೆ.
ಮನಿ ನಂಬರ್? ಅಂದ.
ಹಿಂದಿನ ಹಲಗೆ ತೋರಿಸಿದೆ: ಕೆಎ ಮೂವತ್ತಾರು.
ನಗಲಿಲ್ಲ ಅವನು. ಬರೆಯಲೂ ಇಲ್ಲ. ನೀರು ಕೇಳಿದ.
ಕುಡಿದು, ನಿಮ್ಮ ಮನಿ ಒಂದೀಟು ವಾಲೇದಲ್ಲ, ಅಂದ.
ಎರಿಮಣ್ಣು, ಅಂದೆ, ರಾತ್ರಿ ಅರ್ಧ ಗಾಲಿ ತಿಂದದ.

ಈ ಸಲ ಸೋರಿಕೆ.
ನೀರು ಬೀಳೋ ಕಡಿ ತೂತು ಇರಂಗಿಲ್ಲ, ಅಂದ ಲಾಲಸಾಬ,
ಎಲ್ಲೋ ಹೊಕ್ಕು, ಪಟ್ಟಿ ಹಿಡಕೊಂಡು ನಡದು,
ಮತ್ತೆಲ್ಲೋ ಇಳಿತದ.
ಬಾಗಿಲು ಹಾಕ್ಕೊಂಡು ಕತ್ತಲಾಗ ಕೂಡು.

ಕೂತೆ.
ಹೊರಗೆ ಬಿಸಿಲು ಕುದಿಯುತ್ತಿತ್ತು,
ಒಳಗೆ ತಗಡಿನ ಮಾಳಿಗೆಯಲ್ಲಿ ಏಳು ಚುಕ್ಕಿ.
ಸೀಮೆಸುಣ್ಣ ಹಿಡಿದು ಒಂದೊಂದಕ್ಕೂ ಸುತ್ತು ಹಾಕಿದೆ.
ಆರಕ್ಕೆ ಹಾಕಿದೆ.

ಆರು ಮುಚ್ಚಿದ. ದುಡ್ಡು ಎಣಿಸಿಕೊಂಡ.
ಇನ್ನೇನರ ಅದನ? ಅಂದ.
ಇಲ್ಲ, ಅಂದೆ.

ಒಂದೊಂದು ಹೊಲದಲ್ಲಿ ಟ್ರೇಲರು ಒಂದೊಂದು ದಿಕ್ಕಿಗೆ.
ಜವಳಗೇರಿಯಲ್ಲಿ ಆ ಬಿಸಿಲಿನ ಬಿಲ್ಲೆ
ಹಿಟ್ಟಿನ ಡಬ್ಬಿಯ ಮೇಲೆ ಬಿತ್ತು,
ಸಿರುಗುಪ್ಪದಲ್ಲಿ, ಮಲಗಿದ್ದ ಹುಸೇನಪ್ಪನ ಕಿವಿಯ ಮೇಲೆ.
ಮಳೆ ಬಂದರೆ ಕೆಳಗೊಂದು ಬೋಗುಣಿ.

ಇವತ್ತು ಹೊಸ ಹೊಲ. ಬೆಳಿಗ್ಗೆ ಎಲ್ಲೂ ಕಾಣಲಿಲ್ಲ.
ಒಲೆಯ ಹಿಂದೆ ನೋಡಿದೆ, ಹಾಸಿಗೆ ಕೊಡವಿ ನೋಡಿದೆ.
ಕೂತಿದೆ, ಬಾಗಿಲಿನ ಚಿಲಕದ ಮೇಲೆ,
ಬಿಡಿಗಾಸಿನಷ್ಟು.